ಆರ್‌ಸಿ ರೇಸಿಂಗ್ ಮೋಟಾರಿಗೆ ಕಮ್ಯುಟೇಟರ್ ಲೇತ್: ಆರಿಸುವ ಬಗೆ, ಪರೀಕ್ಷಿಸುವ ಬಗೆ

ಬ್ರಷ್ ಮೋಟಾರಿನ ಆರ್‌ಸಿ (ರಿಮೋಟ್‌ನಿಂದ ಓಡಿಸುವ ಪುಟ್ಟ ಕಾರುಗಳ) ರೇಸಿಂಗ್‌ನಲ್ಲಿ ಎಲ್ಲರ ಗಮನವೂ ಬ್ಯಾಟರಿ, ಟೈರು, ಗೇರುಗಳ ಮೇಲೆ. ಮೋಟಾರಿನ ಒಳಗಿರುವ ಏಳೂವರೆ ಮಿಲಿಮೀಟರ್ ದಪ್ಪದ ತಾಮ್ರದ ಉರುಳೆಯನ್ನು ಕೇಳುವವರು ಕಡಿಮೆ. ಬ್ಯಾಟರಿಯಿಂದ ಹೊರಟ ಅಷ್ಟೂ ವಿದ್ಯುತ್ತು ಆ ಉರುಳೆಗೆ ಒತ್ತಿಕೊಂಡಿರುವ ಎರಡು ಕಾರ್ಬನ್ ಬ್ರಷ್‌ಗಳ ಮೂಲಕವೇ ಆರ್ಮೇಚರಿಗೆ, ಅಂದರೆ ತಂತಿ ಸುತ್ತಿದ ತಿರುಗುವ ಭಾಗಕ್ಕೆ, ಇಳಿಯಬೇಕು. ಆ ಉರುಳೆ, ಅಂದರೆ ಕಮ್ಯುಟೇಟರ್, ದುಂಡಗಿಲ್ಲದಿದ್ದರೆ ಬ್ರಷ್ ಕುಪ್ಪಳಿಸುತ್ತದೆ. ಕುಪ್ಪಳಿಸಿದಾಗಲೆಲ್ಲ ಕಿಡಿ ಏಳುತ್ತದೆ, ಕಿಡಿ ಎದ್ದಾಗಲೆಲ್ಲ ತಾಮ್ರ ಸುಟ್ಟು ಇನ್ನಷ್ಟು ಏರುಪೇರಾಗುತ್ತದೆ. ಕೆಲವು ರೇಸುಗಳಲ್ಲೇ ಮೋಟಾರು ಬಿಸಿ ಜಾಸ್ತಿ, ವೇಗ ಕಡಿಮೆ ಎಂಬ ಸ್ಥಿತಿಗೆ ಬರುತ್ತದೆ.

ಇದಕ್ಕೆ ಮದ್ದು ಕಮ್ಯುಟೇಟರ್ ಲೇತ್. ಆರ್ಮೇಚರನ್ನು ತಿರುಗಿಸುತ್ತ ಆ ಉರುಳೆಯ ಮೇಲ್ಮೈಯನ್ನು ತೆಳುವಾಗಿ ಕೆತ್ತಿ ದುಂಡಗೆ ಮಾಡುವ, ಅಂಗೈಗಿಂತ ಸ್ವಲ್ಪ ದೊಡ್ಡದಾದ, ಮೇಜಿನ ಮೇಲಿಟ್ಟುಕೊಳ್ಳುವ ಯಂತ್ರ. ಇದನ್ನು ತಾಮ್ರ ಕೆತ್ತುವುದಕ್ಕೆ ಕೊಳ್ಳುತ್ತೇವೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ನನ್ನ ಲೆಕ್ಕ ಬೇರೆ. ಅತಿ ಕಡಿಮೆ ತಾಮ್ರ ಕೆತ್ತಿ ಕೆಲಸ ಮುಗಿಸುವುದೇ ಒಳ್ಳೆಯ ಲೇತ್. ಮುಂದೆ ಹೇಳುವ ಎಲ್ಲ ಸಲಹೆಗಳೂ ಈ ಒಂದು ಮಾತಿನಿಂದಲೇ ಹುಟ್ಟುತ್ತವೆ.

ಮೊದಲು: ನಿಮಗೆ ಲೇತ್ ಬೇಕೇ?

ನಿಮ್ಮ ಕಾರಿನಲ್ಲಿರುವುದು ಬ್ರಷ್‌ಲೆಸ್ ಮೋಟಾರ್ ಆಗಿದ್ದರೆ ಬೇಡ. ಅದರಲ್ಲಿ ಕಮ್ಯುಟೇಟರೇ ಇಲ್ಲ. 2000ದ ದಶಕದಲ್ಲಿ ಬ್ರಷ್‌ಲೆಸ್ ಬಂದ ಮೇಲೆ ದೊಡ್ಡ ರೇಸುಗಳಿಂದ ಬ್ರಷ್ ಮೋಟಾರ್ ಬಹುಮಟ್ಟಿಗೆ ಮರೆಯಾಯಿತು. ಟ್ರ್ಯಾಕಿನ ಬದಿಯ ಪ್ರತಿ ಮೇಜಿನ ಮೇಲೂ ಇರುತ್ತಿದ್ದ ಲೇತುಗಳು ಅಟ್ಟ ಸೇರಿದವು.

ಹಾಗಾದರೆ ಈಗ ಯಾರಿಗೆ ಬೇಕು? ಹಳೆಯ ಕಾರುಗಳ ವಿಂಟೇಜ್ ರೇಸ್ ಓಡಿಸುವವರಿಗೆ ಬೇಕು. 1984ರ ಅಸೋಸಿಯೇಟೆಡ್ ಆರ್‌ಸಿ10 ಕಾರನ್ನು ಇಂದಿಗೂ ಅದರ ಕಾಲದ ಮೋಟಾರಿನಲ್ಲೇ ಓಡಿಸುವವರಿದ್ದಾರೆ. ಬಂಡೆ ಹತ್ತುವ ಕ್ರಾಲರ್ ಕಾರಿನವರಿಗೆ ಬೇಕು. ನಿಧಾನ ವೇಗದಲ್ಲಿ ಹಿಡಿತ ಚೆನ್ನಾಗಿರುತ್ತದೆಂದು ಅವರಲ್ಲಿ ಅನೇಕರು ಈಗಲೂ ಬಿಚ್ಚಿ ಜೋಡಿಸಬಹುದಾದ ಬ್ರಷ್ ಮೋಟಾರನ್ನೇ ಬಯಸುತ್ತಾರೆ. ಟ್ರ್ಯಾಕಿನ ಸೀಳಿನಲ್ಲಿ ಓಡುವ ಸ್ಲಾಟ್ ಕಾರ್ ರೇಸಿನವರಂತೂ ಲೇತನ್ನು ಕೈಬಿಟ್ಟದ್ದೇ ಇಲ್ಲ.

ಇನ್ನೊಂದು ಷರತ್ತಿದೆ. ಮೋಟಾರು ಬಿಚ್ಚುವಂಥದ್ದಾಗಿರಬೇಕು. ಕಾರಿನ ಕಿಟ್ ಜೊತೆ ಬರುವ ಬೆಳ್ಳಿ ಬಣ್ಣದ ಮಬುಚಿ 540 ಮಾದರಿಯ ಮೋಟಾರಿನಲ್ಲಿ ಹಿಂಬದಿಯ ಮುಚ್ಚಳವನ್ನು ತಗಡು ಮಡಿಸಿ ಬಂಧಿಸಿರುತ್ತಾರೆ. ಆ ಮಡಿಕೆ ಎಬ್ಬಿಸಿ ಬಿಚ್ಚಬಹುದು, ಆದರೆ ಆ ಮೋಟಾರಿನ ಬೆಲೆಗೆ ಆ ಶ್ರಮ ಹೊಂದುವುದಿಲ್ಲ. ಮುಚ್ಚಳಕ್ಕೆ ಎರಡು ಸ್ಕ್ರೂ, ಹೊರಗೆ ಕಾಣುವ ಬ್ರಷ್ ಮನೆ ಮತ್ತು ಸ್ಪ್ರಿಂಗ್ ಇದ್ದರೆ ಅದು ಲೇತಿಗೆ ಹಾಕುವ ಮೋಟಾರು.

ವರ್ಷಕ್ಕೆ ನಾಲ್ಕಾರು ಬಾರಿ ಮಾತ್ರ ಓಡಿಸುವವರು ಲೇತ್ ಇರುವ ಗೆಳೆಯನೊಬ್ಬನನ್ನು ಹುಡುಕಿಕೊಂಡರೆ ಸಾಕು. ಸ್ಟಾರ್ಟರ್, ಡೈನಮೋ ಆರ್ಮೇಚರುಗಳನ್ನು ಲೇತಿಗೆ ಹಾಕಿಕೊಡುವ ರಿವೈಂಡಿಂಗ್ ಅಂಗಡಿಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆಯಲ್ಲ, ಅಲ್ಲಿಗೇ ಕೊಡೋಣ ಎನಿಸಬಹುದು. ಬೇಡ. ಕೆಲಸಗಾರರ ಕೈಚಳಕದಲ್ಲಿ ಕೊರತೆಯಿಲ್ಲ, ಯಂತ್ರದ ಅಳತೆಯೇ ಬೇರೆ. ದೊಡ್ಡ ಲೇತಿನ ಮೂರು ದವಡೆಯ ಚಕ್‌ನಲ್ಲಿ ಮೂರು ಮಿಲಿಮೀಟರಿನ ಷಾಫ್ಟ್ ಕಚ್ಚಿಸಿದರೆ ಚಕ್‌ನ ಸ್ವಂತ ಓಲಾಟವೇ ನಾವು ತೆಗೆಯಬೇಕೆಂದಿರುವ ತಾಮ್ರಕ್ಕಿಂತ ಹೆಚ್ಚಿರುತ್ತದೆ.

ತಾಮ್ರದ ಆಯವ್ಯಯ

540 ಗಾತ್ರದ ರೇಸಿಂಗ್ ಆರ್ಮೇಚರಿನ ಕಮ್ಯುಟೇಟರ್ ಹೊಸದರಲ್ಲಿ ಸುಮಾರು 7.5 ಮಿ.ಮೀ. ವ್ಯಾಸ ಇರುತ್ತದೆ. 7 ಮಿ.ಮೀ. ಹತ್ತಿರ ಬಂದಾಗ ಅದಕ್ಕೆ ಬೀಳ್ಕೊಡುವುದು ಒಳ್ಳೆಯದು. ಅಲ್ಲಿಂದ ಮುಂದೆ ಕಮ್ಯುಟೇಟರಿನ ಸುತ್ತಲಿನ ಮೂರು ತಾಮ್ರದ ಪಟ್ಟಿಗಳು ತೆಳುವಾಗುತ್ತವೆ, ಬ್ರಷ್ ಮನೆಯಿಂದ ದೂರ ಹೆಚ್ಚುತ್ತದೆ, ವೇಗದಲ್ಲಿ ಪಟ್ಟಿ ಎದ್ದುಬರುವ ಅಪಾಯವೂ ಇದೆ. ಎಂದರೆ ಒಂದು ಆರ್ಮೇಚರಿನ ಆಯುಷ್ಯವೆಲ್ಲ ಸೇರಿ ನಮ್ಮ ಕೈಯಲ್ಲಿರುವುದು ಅರ್ಧ ಮಿಲಿಮೀಟರ್.

ಒಳ್ಳೆಯ ಲೇತಿನಲ್ಲಿ ಒಂದು ಸಲಕ್ಕೆ ವ್ಯಾಸದಲ್ಲಿ 0.05 ಮಿ.ಮೀ. ತೆಗೆದರೆ ಕೆಲಸ ಮುಗಿಯುತ್ತದೆ. ಆ ಆರ್ಮೇಚರು ಹತ್ತು ಸಲ ಲೇತಿಗೆ ಬರಬಹುದು. ಅಲುಗಾಡುವ ಲೇತಿನಲ್ಲಿ ಮೇಲ್ಮೈ ನಯವಾಗುವ ಹೊತ್ತಿಗೆ 0.15 ಹೋಗಿರುತ್ತದೆ, ಮೂರು ಸಲಕ್ಕೆ ಮುಗಿಯಿತು. ರೇಸಿನವರು ಮೂರರಿಂದ ಐದು ಓಟಕ್ಕೊಮ್ಮೆ ಕಟ್ ಹಾಕುವುದು ರೂಢಿ, ಬಿಸಿ ಹೆಚ್ಚಿರುವ ಮಾಡಿಫೈಡ್ (ಹೆಚ್ಚು ವೇಗದ) ಮೋಟಾರಿಗೆ ಇನ್ನೂ ಬೇಗ. ಅಗ್ಗದ ಲೇತ್ ಎಲ್ಲಿ ದುಬಾರಿಯಾಗುತ್ತದೆ ಎಂಬುದು ಈ ಲೆಕ್ಕದಲ್ಲೇ ಇದೆ.

ಷಾಫ್ಟ್ ಕೂರುವ ಜಾಗ

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಇದನ್ನೇ, ಉಳಿದದ್ದೆಲ್ಲ ಆಮೇಲೆ. ಆರ್ಮೇಚರಿನ ಷಾಫ್ಟನ್ನು ಲೇತ್ ಎರಡೂ ತುದಿಯಲ್ಲಿ ಹೊತ್ತುಕೊಳ್ಳುತ್ತದೆ. ಇದಕ್ಕೆ ಎರಡು ಪದ್ಧತಿಗಳಿವೆ: ಒಂದು ಬಾಲ್ ಬೇರಿಂಗ್, ಇನ್ನೊಂದು ವಿ-ಬ್ಲಾಕ್.

ಬೇರಿಂಗ್ ಪದ್ಧತಿ ನೋಡಲು ಚೆಂದ, ತಿರುಗುವುದೂ ಹಗುರ. ಆದರೆ ಷಾಫ್ಟ್ ಬೇರಿಂಗಿನೊಳಗೆ ಜಾರಿ ಕೂರಬೇಕೆಂದರೆ ನಡುವೆ ಕೂದಲೆಳೆಯಷ್ಟಾದರೂ ಸಡಿಲ ಬೇಕು. ಆ ಸಡಿಲ, ಅದರ ಮೇಲೆ ಬೇರಿಂಗಿನ ಒಳಗಿನ ಓಲಾಟ, ಎರಡೂ ಕೂಡಿ ಕಮ್ಯುಟೇಟರಿನ ಮೇಲೆ ಅಚ್ಚಾಗುತ್ತವೆ. ವಿ-ಬ್ಲಾಕಿನಲ್ಲಿ ಷಾಫ್ಟ್ ‘V’ ಆಕಾರದ ತೆರೆದ ತೋಡಿನೊಳಗೆ ಎರಡು ಗೆರೆಗಳ ಮೇಲೆ ನೇರವಾಗಿ ಕೂರುತ್ತದೆ, ಆರ್ಮೇಚರನ್ನು ತಿರುಗಿಸುವ ಬೆಲ್ಟ್ ಅದನ್ನು ಒತ್ತಿ ಹಿಡಿಯುತ್ತದೆ. ನಡುವೆ ಬೇರೆ ಭಾಗವೇ ಇಲ್ಲ. ಸಡಿಲವೂ ಇಲ್ಲ. ಷಾಫ್ಟಿನ ದುಂಡಗೆ ಕಮ್ಯುಟೇಟರಿನ ದುಂಡಗೆಯಾಗುತ್ತದೆ. ನಾನಂತೂ ವಿ-ಬ್ಲಾಕ್ ಬಿಟ್ಟು ಬೇರೆಯದಕ್ಕೆ ಹಣ ಕೊಡುವುದಿಲ್ಲ.

ವಿ-ಬ್ಲಾಕ್ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ಷಾಫ್ಟ್ ಒರಸುವ ಜಾಗಕ್ಕೆ ಕೆಲವರು ಗಟ್ಟಿ ಉಕ್ಕು ಹಾಕಿರುತ್ತಾರೆ, ಕೆಲವರು ನೈಲಾನಿನಂಥ ಪ್ಲಾಸ್ಟಿಕ್. ಪ್ಲಾಸ್ಟಿಕ್ ಷಾಫ್ಟನ್ನು ಗೀರುವುದಿಲ್ಲ, ಆದರೆ ತಾನೇ ಸವೆಯುತ್ತದೆ. ಗಟ್ಟಿ ಲೋಹ ಸವೆಯುವುದಿಲ್ಲ, ಆದರೆ ಎಣ್ಣೆಯಿಲ್ಲದೆ ಓಡಿಸಿದರೆ ಷಾಫ್ಟಿಗೆ ಗೀರು. ಹಳೆಯ ಲೇತ್ ಕೊಳ್ಳುವಾಗ ಆ ತೋಡಿಗೆ ಓರೆಯಾಗಿ ಟಾರ್ಚ್ ಹಿಡಿದು ನೋಡಿ. ಷಾಫ್ಟ್ ಕೊರೆದ ಅರ್ಧಚಂದ್ರದ ತಗ್ಗು ಕಂಡರೆ, ಆ ತುಂಡು ಬದಲಿಸಲು ಸಿಗುತ್ತದೆಯೇ ಎಂದು ಮೊದಲು ಕೇಳಿ, ಬೆಲೆಯ ಮಾತು ಆಮೇಲೆ.

ಷಾಫ್ಟಿನ ಅಳತೆಯೂ ಮುಖ್ಯ. 540 ಮೋಟಾರುಗಳ ಷಾಫ್ಟ್ ಒಂದಿಂಚಿನ ಎಂಟನೇ ಒಂದು ಭಾಗ, ಅಂದರೆ 3.17 ಮಿ.ಮೀ. ಚಿಕ್ಕ ಕಾರುಗಳ 380 ಮೋಟಾರುಗಳಲ್ಲಿ 2.3, ಅದಕ್ಕೂ ಚಿಕ್ಕ 130ರಲ್ಲಿ 2. ಬೇರಿಂಗ್ ಲೇತ್ ಒಂದೇ ಅಳತೆಗೆ ಕಟ್ಟುಬಿದ್ದದ್ದು. ವಿ-ಬ್ಲಾಕಿನಲ್ಲಿ ಎಲ್ಲವೂ ಕೂರುತ್ತವೆ, ಆದರೆ ಸಣ್ಣ ಷಾಫ್ಟ್ ತೋಡಿನಲ್ಲಿ ಇನ್ನೂ ಕೆಳಗೆ ಇಳಿಯುತ್ತದೆ. ಹಾಗಾಗಿ ತಾಮ್ರ ಕೆತ್ತುವ ಟೂಲಿನ ಎತ್ತರವನ್ನು ಹೊಂದಿಸುವ ಸೌಲಭ್ಯ ಲೇತಿನಲ್ಲಿ ಇರಲೇಬೇಕು.

ಕೊನೆಗೆ, ಷಾಫ್ಟ್ ಉದ್ದುದ್ದಕ್ಕೆ ಹಿಂದೆಮುಂದೆ ಜರುಗದಂತೆ ತುದಿಯಲ್ಲೊಂದು ತಡೆ. ಚಿತ್ರಗಳಲ್ಲಿ ಇದು ಎದ್ದು ಕಾಣುವುದಿಲ್ಲ, ಮಾರುವವರೂ ಹೇಳುವುದಿಲ್ಲ. ತಡೆಯಿಲ್ಲದ ಲೇತಿನಲ್ಲಿ ಕಟ್ ಹಾಕುವಾಗಲೇ ಆರ್ಮೇಚರು ಪಕ್ಕಕ್ಕೆ ಸರಿದು, ಟೂಲ್ ಬಿಟ್ ಕಮ್ಯುಟೇಟರಿನ ತುದಿಯ ತಂತಿ ಕೊಕ್ಕೆಗೆ ಬಡಿಯುತ್ತದೆ. ಬಿಟ್ ಹೋಯಿತು, ಕೆಲವೊಮ್ಮೆ ಆರ್ಮೇಚರೂ ಹೋಯಿತು.

ಸ್ಲೈಡ್ ಮತ್ತು ಮೈಕ್ರೋಮೀಟರ್ ತಿರುಪು

ಟೂಲನ್ನು ಹೊತ್ತ ಸ್ಲೈಡ್ ಎರಡು ದಿಕ್ಕಿನಲ್ಲಿ ಚಲಿಸುತ್ತದೆ: ಕಮ್ಯುಟೇಟರಿನ ಉದ್ದಕ್ಕೆ, ಮತ್ತು ಅದರೊಳಕ್ಕೆ. ಎರಡರಲ್ಲೂ ಪ್ಲೇ, ಅಂದರೆ ಸಡಿಲ ಅಲುಗಾಟ, ಇರಬಾರದು. ಟೂಲ್ ಹಿಡಿಕೆಯನ್ನು ಬೆರಳಿನಿಂದ ಎಲ್ಲ ದಿಕ್ಕಿಗೂ ಅಲ್ಲಾಡಿಸಿ. ಸ್ವಲ್ಪ ಅಲುಗಿದರೂ ಬಿಗಿ ಮಾಡುವ ಸ್ಕ್ರೂ ಇದೆಯೇ ನೋಡಿ. ಆ ಸ್ಕ್ರೂ ಇಲ್ಲದ ಲೇತ್ ಸವೆದ ಮೇಲೆ ದುರಸ್ತಿಯಾಗುವುದಿಲ್ಲ.

ಆಳದ ತಿರುಪಿನ ಒಂದು ಗೆರೆ ಎಂದರೆ ಎಷ್ಟು ಎಂದು ತಿಳಿದುಕೊಳ್ಳಿ. ಅಮೆರಿಕದ ಲೇತುಗಳಲ್ಲಿ ಇಂಚಿನ ಸಾವಿರದ ಒಂದು ಭಾಗ, ಅಂದರೆ 0.025 ಮಿ.ಮೀ. ಇರಬಹುದು; ಯುರೋಪಿನವುಗಳಲ್ಲಿ 0.01 ಮಿ.ಮೀ. ಇನ್ನೊಂದು ವಿಷಯ, ಟೂಲ್ ಒಳಕ್ಕೆ ಹೋದಷ್ಟು ತ್ರಿಜ್ಯ ಕಡಿಮೆಯಾಗುತ್ತದೆ, ವ್ಯಾಸ ಅದರ ಎರಡರಷ್ಟು. ಗೆರೆ ನೋಡಿ ಒಂದು ಎಂದುಕೊಂಡವರು ಎರಡು ಕಳೆದುಕೊಳ್ಳುತ್ತಾರೆ.

ಸ್ಲೈಡ್ ತಳ್ಳಲು ಕೆಲವು ಲೇತುಗಳಲ್ಲಿ ಪುಟ್ಟ ಮೋಟಾರ್ ಇರುತ್ತದೆ. ಒಂದೇ ಸಮನಾಗಿ ಸಾಗುತ್ತದೆ, ನಿಜ. ಕೈಚಕ್ರವೇ ನನಗೆ ಮೆಚ್ಚು. ಬಿಟ್ ಎಲ್ಲಾದರೂ ತಡವರಿಸಿದರೆ ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ಚಕ್ರ ದೊಡ್ಡದಾದಷ್ಟೂ ನಿಧಾನವಾಗಿ ತಿರುಗಿಸುವುದು ಸುಲಭ. ಅಂಕಿ ತೋರಿಸುವ ಡಿಜಿಟಲ್ ಪರದೆ, ಬಣ್ಣದ ಅಲ್ಯೂಮಿನಿಯಂ ಇವುಗಳಿಗೆ ಹೆಚ್ಚು ಹಣ ಕೊಡಬೇಡಿ.

ಬಿಟ್: ವಜ್ರವೋ ಕಾರ್ಬೈಡೋ?

ವಜ್ರದ ಬಿಟ್ ಕನ್ನಡಿಯಂಥ ಮೇಲ್ಮೈ ಕೊಡುತ್ತದೆ, ಬಹುಕಾಲ ಚೂಪಾಗಿರುತ್ತದೆ. ಒಮ್ಮೆ ಕೊಕ್ಕೆಗೋ ಸ್ಕ್ರೂಡ್ರೈವರಿಗೋ ತಾಗಿದರೆ ತುದಿ ಸಿಡಿಯುತ್ತದೆ, ಆಮೇಲೆ ಬೆಲೆ ನೆನೆದು ನಿಟ್ಟುಸಿರು. ಕಾರ್ಬೈಡ್ ಬಿಟ್ ಅಗ್ಗ, ಪೆಟ್ಟು ತಡೆಯುತ್ತದೆ, ಮತ್ತೆ ಸಾಣೆ ಹಿಡಿಯಬಹುದು. ಚೂಪು ಬೇಗ ಹೋಗುತ್ತದೆ.

ಹೊಸಬರಿಗೆ ನನ್ನ ಸಲಹೆ ಕಾರ್ಬೈಡ್. ಕೈ ಪಳಗಿದ ಮೇಲೆ ವಜ್ರ. ಕನ್ನಡಿ ಹೊಳಪೇ ಪರಮ ಗುರಿಯೂ ಅಲ್ಲ. ಬಹಳ ಸಣ್ಣ ಗೆರೆಗಳಿರುವ ಮೇಲ್ಮೈಯಲ್ಲಿ ಹೊಸ ಬ್ರಷ್ ಬೇಗ ಹೊಂದಿಕೊಳ್ಳುತ್ತದೆಂದು ಬಯಸಿಯೇ ಹಾಗೆ ಕಟ್ ಹಾಕುವ ಹಳಬರಿದ್ದಾರೆ. ಕೊಳ್ಳುವಾಗ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ತುದಿ ನೋಡಿ. ಬಿಟ್ ಯಾವ ಅಳತೆಯದು, ಬೇರೆ ತಯಾರಕರದ್ದು ಕೂರುತ್ತದೆಯೇ ಎಂಬುದನ್ನೂ ಕೇಳಿ. ತಯಾರಿಕೆ ನಿಂತ ಲೇತಿಗೆ ಅದರದ್ದೇ ಬಿಟ್ ಬೇಕೆಂದಾದರೆ ಆ ಲೇತ್ ಬಿಟ್ಟುಬಿಡಿ.

ಓಡಿಸುವ ಮೋಟಾರ್, ಬೆಲ್ಟ್

ಇದರಲ್ಲಿ ಹೆಚ್ಚು ಹೇಳುವುದಿಲ್ಲ. ರಬ್ಬರ್ ಬೆಲ್ಟ್ ಹರಿದರೆ ಅದೇ ಅಳತೆಯ ಓ-ರಿಂಗ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಮೋಟಾರ್ 540 ಗಾತ್ರದ್ದಾದರೆ ಎಲ್ಲಿಯಾದರೂ ಬದಲಿಸಬಹುದು. ವೋಲ್ಟೇಜ್ ಏರಿಳಿಸಬಲ್ಲ ಪವರ್ ಸಪ್ಲೈ ಇಟ್ಟುಕೊಳ್ಳಿ. 4ರಿಂದ 5 ವೋಲ್ಟ್ ಸುತ್ತಮುತ್ತ ಹೆಚ್ಚಿನ ಕೆಲಸ ನಡೆಯುತ್ತದೆ.

ಹೆಸರುಗಳು

ಸ್ಲೊವಾಕಿಯಾದ ಟ್ರೆಂಚೀನ್ ಪಟ್ಟಣದ ಹೂಡಿ ಕಂಪನಿಯ ಲೇತುಗಳಿಗೆ ಈ ಲೋಕದಲ್ಲಿ ಮೊದಲ ಮಣೆ. ಎಕ್ಸ್‌ರೇ ಹೆಸರಿನ ರೇಸ್ ಕಾರುಗಳೂ ಅದೇ ಮನೆಯವು. ಬಳಸಿದ್ದಾದರೂ ಬೆಲೆ ಅಷ್ಟಾಗಿ ಇಳಿಯುವುದಿಲ್ಲ, ಬೇಡವಾದಾಗ ಮಾರಿದರೂ ಹಣ ಮರಳುತ್ತದೆ. ಅಮೆರಿಕದ ಮಾರುಕಟ್ಟೆಯಲ್ಲಿ ಕೋಬ್ರಾ, ಇಂಟೆಜಿ ಹೆಸರಿನವು ಕಾಣುತ್ತವೆ. ಹೆಸರಿಗಿಂತ ಎದುರಿಗಿರುವ ಯಂತ್ರದ ಸ್ಥಿತಿ ಮುಖ್ಯ: ಚೆನ್ನಾಗಿ ಇಟ್ಟುಕೊಂಡ ಸಾಧಾರಣ ಲೇತ್, ಬೀಳಿಸಿದ ದುಬಾರಿ ಲೇತಿಗಿಂತ ಮೇಲು. ಹೊರದೇಶದಿಂದ ಭಾರತಕ್ಕೆ ತರಿಸುವವರು ಸಾಗಣೆ ಮತ್ತು ಕಸ್ಟಮ್ಸ್ ಸುಂಕ ಸೇರಿಸಿಯೇ ಬೆಲೆ ಹೋಲಿಸಲಿ. ವಜ್ರದ ಬಿಟ್ ಇದ್ದರೆ ಬಿಚ್ಚಿ ಬೇರೆಯಾಗಿ ಕಟ್ಟಿ ಕಳಿಸಲು ಹೇಳಲೇಬೇಕು.

ಹಣ ಕೊಡುವ ಮುನ್ನದ ಪರೀಕ್ಷೆ

ಕೈಯಲ್ಲಿ ಒಂದು ಹಳೆಯ ಆರ್ಮೇಚರ್, ಕಪ್ಪು ಮಾರ್ಕರ್ ಪೆನ್, ಭೂತಗನ್ನಡಿ, ಮೈಕ್ರೋಮೀಟರ್ ಹಿಡಿದುಕೊಂಡು ಹೋಗಿ. ಆರ್ಮೇಚರಿನ ಷಾಫ್ಟ್ ನೆಟ್ಟಗಿರಲಿ. ಗಾಜಿನ ಮೇಲೆ ಉರುಳಿಸಿ ಮೊದಲೇ ಖಚಿತಪಡಿಸಿಕೊಳ್ಳಿ.

1. ಕಮ್ಯುಟೇಟರಿಗೆ ಪೂರ್ತಿ ಕಪ್ಪು ಬಳಿದು, ಷಾಫ್ಟಿಗೆ ಒಂದು ಹನಿ ತೆಳು ಎಣ್ಣೆ ಹಾಕಿ ಕೂರಿಸಿ. ತುಸುವೇ ಕಟ್ ಹಾಕಿ, ಕಪ್ಪು ಎಲ್ಲ ಕಡೆ ಹೋಗುವವರೆಗೆ ಮುಂದುವರಿಸಿ.

2. ಆಳದ ತಿರುಪನ್ನು ಮುಟ್ಟದೆ ಆರ್ಮೇಚರನ್ನು ತೆಗೆದು, ಮತ್ತೆ ಕಪ್ಪು ಬಳಿದು, ಮತ್ತೆ ಕೂರಿಸಿ ಅದೇ ಆಳದಲ್ಲಿ ಓಡಿಸಿ. ಬಿಟ್ ಮೂರೂ ಪಟ್ಟಿಗಳ ಮೇಲಿನ ಕಪ್ಪನ್ನು ಒಂದೇ ಸಮ ಸವರಿಕೊಂಡು ಹೋಗಬೇಕು. ಒಂದು ಪಟ್ಟಿಯಲ್ಲಿ ತಾಮ್ರ ಕಿತ್ತು ಇನ್ನೊಂದರಲ್ಲಿ ಕಪ್ಪು ಹಾಗೇ ಉಳಿದರೆ, ಷಾಫ್ಟ್ ಪ್ರತಿ ಸಲ ಬೇರೆ ಜಾಗದಲ್ಲಿ ಕೂರುತ್ತಿದೆ. ನನಗೆ ಒಂದೇ ಪರೀಕ್ಷೆಗೆ ಅವಕಾಶವಿದ್ದರೆ ಇದನ್ನೇ ಮಾಡುತ್ತೇನೆ.

3. ಕಮ್ಯುಟೇಟರಿನ ಎರಡೂ ತುದಿಯ ವ್ಯಾಸ ಅಳೆಯಿರಿ. ಮೈಕ್ರೋಮೀಟರಿನ ಮುಖ ಸಂದಿನ ಮೇಲೆ ಕೂರದಂತೆ ತಿರುಗಿಸಿ ಹಿಡಿಯಬೇಕು, ಇಲ್ಲವಾದರೆ ಅಳತೆ ಕಡಿಮೆ ತೋರಿಸುತ್ತದೆ. ಎರಡು ತುದಿಗೆ 0.01 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸ್ಲೈಡ್ ಷಾಫ್ಟಿಗೆ ಸಮಾನಾಂತರವಾಗಿಲ್ಲ. ಅಂಥ ಓರೆ ಕಮ್ಯುಟೇಟರಿನಲ್ಲಿ ಬ್ರಷ್ ಒಂದು ಅಂಚಿನಲ್ಲಷ್ಟೇ ತಾಗುತ್ತದೆ. ಬ್ಲಾಕುಗಳನ್ನು ಸರಿಹೊಂದಿಸುವ ಏರ್ಪಾಡಿದ್ದರೆ ಚಿಂತೆಯಿಲ್ಲ.

4. ಭೂತಗನ್ನಡಿಯಲ್ಲಿ ಮೇಲ್ಮೈ ನೋಡಿ. ಒಂದೇ ಅಂತರದ ಅಡ್ಡ ಅಲೆಗಳು ಕಂಡರೆ ಏನೋ ನಡುಗುತ್ತಿದೆ: ಸಡಿಲ ಬೆಲ್ಟ್, ಸಡಿಲ ಸ್ಲೈಡ್, ಅಥವಾ ಉದ್ದ ಹೊರಚಾಚಿದ ಬಿಟ್. ಮೊದಲನೆಯದು ಮತ್ತು ಕೊನೆಯದು ನಿಮಿಷದಲ್ಲಿ ಸರಿಹೋಗುತ್ತವೆ, ನಡುವಿನದು ಹೋಗದಿರಬಹುದು.

ಮನೆಗೆ ತಂದ ಮೇಲೆ

ಮೊದಲು ಬಿಟ್‌ನ ಎತ್ತರ. ತುದಿ ಷಾಫ್ಟಿನ ನಡುಗೆರೆಗೆ ಸರಿಯಾಗಿರಬೇಕು. ಮೇಲಿದ್ದರೆ ಕತ್ತರಿಸದೆ ಉಜ್ಜುತ್ತದೆ. ಕೆಳಗಿದ್ದರೆ ತಾಮ್ರವನ್ನು ಕಚ್ಚಿ ಆರ್ಮೇಚರನ್ನೇ ತೋಡಿನಿಂದ ಎಬ್ಬಿಸಲು ನೋಡುತ್ತದೆ. ಆಮೇಲೆ ದಿಕ್ಕು: ಕಮ್ಯುಟೇಟರಿನ ಮೇಲ್ಮೈ ಬಿಟ್‌ನ ಚೂಪಿಗೆ ಎದುರಾಗಿ ಬರುವಂತೆ ತಿರುಗಬೇಕು. ತಿರುವುಮುರುವಾಗಿದ್ದರೆ ಲೇತ್ ಮೋಟಾರಿನ ಎರಡು ತಂತಿ ಅದಲುಬದಲು ಮಾಡಿ.

ಆರ್ಮೇಚರ್ ಹೊರತೆಗೆಯಲು ಷಾಫ್ಟಿನ ತುದಿಯ ಪುಟ್ಟ ಗೇರನ್ನು (ಪಿನಿಯನ್) ಬಿಚ್ಚಿರುತ್ತೀರಿ. ಅದರ ಗ್ರಬ್ ಸ್ಕ್ರೂ ಷಾಫ್ಟಿನ ಮೇಲೆ ಎಬ್ಬಿಸಿದ ಸಣ್ಣ ಉಬ್ಬು ವಿ-ಬ್ಲಾಕಿನ ಮೇಲೆ ಬಂದರೆ ಪ್ರತಿ ಸುತ್ತಿಗೂ ಆರ್ಮೇಚರ್ ಎದ್ದೆದ್ದು ಬೀಳುತ್ತದೆ. ಆ ಉಬ್ಬನ್ನು ನಯವಾದ ಅರದಿಂದ ತೆಗೆಯಿರಿ, ಷಾಫ್ಟ್ ಬೇರಿಂಗಿನಲ್ಲಿ ಓಡುವ ಜಾಗವನ್ನೇ ಬ್ಲಾಕಿನ ಮೇಲೆ ಬರುವಂತೆ ಕೂರಿಸಿ. ತಾಮ್ರದ ಚೂರು ಸುರುಳಿಯೊಳಗೆ ಹೋಗದಂತೆ ತಂತಿಗಳಿಗೆ ಟೇಪ್ ಸುತ್ತಿ. ಕಣ್ಣಿಗೆ ಕನ್ನಡಕ. ಮೋಟಾರಿನ ಡಬ್ಬಿಯನ್ನು ಮೇಜಿನಿಂದ ದೂರ ಇಡಿ. ತಾಮ್ರವನ್ನು ಅದರ ಅಯಸ್ಕಾಂತ ಹಿಡಿಯದು, ಅರದಿಂದ ಉದುರಿದ ಉಕ್ಕಿನ ಪುಡಿಯನ್ನು ಬಿಡದು.

ಕಪ್ಪು ಬಳಿದು ಶುರು ಮಾಡಿ. ಮಾರ್ಕರ್ ಶಾಯಿ ಎಲ್ಲಿ ಕಟ್ ಆಯಿತೆಂದು ತೋರಿಸುವುದಲ್ಲದೆ ಬಿಟ್‌ಗೆ ಸ್ವಲ್ಪ ಜಾರಿಕೆಯನ್ನೂ ಕೊಡುತ್ತದೆ. ಬಿಟ್ ಹೊರತುದಿಯಿಂದ ಹೊರಟು ಕೊಕ್ಕೆಗಳ ಕಡೆಗೆ ಸಾಗಲಿ, ಕೊಕ್ಕೆಗೆ ಮುನ್ನವೇ ನಿಲ್ಲಲಿ. ಒಂದು ಪಾಸಿಗೆ ಆಳ 0.02 ಮಿ.ಮೀ. ಸಾಕು, ಕೊನೆಯದು 0.01. ಉರುಳೆಯ ಅಷ್ಟು ಉದ್ದಕ್ಕೆ ಇಪ್ಪತ್ತು ಮೂವತ್ತು ಸೆಕೆಂಡ್ ತೆಗೆದುಕೊಳ್ಳಿ. ಬಿಟ್ ಹಿಂದಕ್ಕೆ ಎಳೆಯುವ ಮುನ್ನ ಆಳ ಬಿಡಿಸಿ, ಇಲ್ಲವಾದರೆ ಹಿಂದಿರುಗುವಾಗ ಸುರುಳಿ ಗೀರು ಬೀಳುತ್ತದೆ. ಕಪ್ಪು ಮತ್ತು ಸುಟ್ಟ ಕಲೆ ಹೋದ ಕ್ಷಣ ನಿಲ್ಲಿಸಿ. ಇನ್ನೊಂದು ಪಾಸ್ ಹಾಕಿದರೆ ಇನ್ನೂ ಚೆಂದ ಎಂಬ ಆಸೆಗೆ ತೆರುವುದು ಆರ್ಮೇಚರಿನ ಆಯುಷ್ಯ.

ಬಿಟ್ ಎಳೆದ ತಾಮ್ರ ಪಟ್ಟಿಗಳ ನಡುವಿನ ಸಂದಿಗೆ ಮಡಚಿ ಕೂತಿರುತ್ತದೆ. ತೆಳು ಬ್ಲೇಡಿನ ಬೆನ್ನಿನಿಂದ ಸಂದು ಬಿಡಿಸಿ, ಗಟ್ಟಿ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಮೋಟಾರ್ ಕ್ಲೀನರ್ ಸಿಂಪಡಿಸಿ. ಸಂದು ಸ್ವಚ್ಛವಾಯಿತೇ ಎಂದು ಮಲ್ಟಿಮೀಟರಿನಿಂದ ತಿಳಿಯಲಾಗದು, ಏಕೆಂದರೆ ಮೂರೂ ಪಟ್ಟಿಗಳು ಸುರುಳಿಗಳ ಮೂಲಕ ಹೇಗೂ ಕೂಡಿಕೊಂಡೇ ಇರುತ್ತವೆ. ಕಣ್ಣಿನಿಂದಲೇ, ಭೂತಗನ್ನಡಿಯಲ್ಲೇ ನೋಡಬೇಕು. ಪಟ್ಟಿಗೂ ಷಾಫ್ಟಿಗೂ ಸಂಪರ್ಕವಿದೆಯೇ ಎಂಬುದನ್ನು ಮಾತ್ರ ಮೀಟರ್ ಹೇಳುತ್ತದೆ, ಇರಬಾರದು.

ಜೋಡಿಸುವಾಗ ಹೊಸ ಬ್ರಷ್ ಹಾಕಿ. ಹಳೆಯದರ ಮುಖ ಹಳೆಯ ವ್ಯಾಸಕ್ಕೆ ಹೊಂದಿಕೊಂಡದ್ದು. 2ರಿಂದ 3 ವೋಲ್ಟಿನಲ್ಲಿ, ಹೊರೆಯಿಲ್ಲದೆ, ನಡುನಡುವೆ ಆರಲು ಬಿಟ್ಟು ಓಡಿಸಿ. ಬ್ರಷ್ ಹೊರತೆಗೆದು ನೋಡಿದಾಗ ಅದರ ಮುಖದ ಮುಕ್ಕಾಲು ಪಾಲಾದರೂ ಹೊಳೆಯುತ್ತಿದ್ದರೆ ಮೋಟಾರನ್ನು ಕಾರಿಗೆ ಕೂರಿಸಬಹುದು. ಅಂದಿನ ವ್ಯಾಸವನ್ನು ಒಂದು ಚೀಟಿಯಲ್ಲಿ ಬರೆದು ಮೋಟಾರಿನ ಡಬ್ಬಿಗೆ ಅಂಟಿಸಿಡಿ, 7 ಮಿ.ಮೀ.ಗೆ ಇನ್ನೆಷ್ಟು ದೂರವೆಂದು ಮುಂದಿನ ಸಲ ಅಳೆಯದೆಯೇ ಗೊತ್ತಾಗುತ್ತದೆ.